ಮೋಟರ್ ಚಾಲೂ ಐತಿ, ನೀರಿಲ್ಲ

ಮುಂಡರಗಿ ಕಡೆಯ ಹೊಲದಿಂದ ಕಾಕಾ ಫೋನ್ ಮಾಡಿದರು. "ತಮ್ಮಾ, ಮೋಟರ್ ಚಾಲೂ ಐತಿ ಅಂತ ಮೊಬೈಲ್ ಹೇಳಾಕತ್ತೈತಿ. ಪೈಪಿನ್ಯಾಗ ಹನಿ ನೀರಿಲ್ಲ. ಯಾರ್ ಮಾತ್ ನಂಬ್ಲಿ?"

ಪೈಪಿನ ಮಾತನ್ನೇ ನಂಬಿ ಅಂದೆ. ಆ ಮೊಬೈಲ್ ಪರದೆಯ ಹಿಂದಿನ ಪೈಥಾನ್ ಪ್ರೋಗ್ರಾಂ ಬರೆದವನು ನಾನೇ. ತಪ್ಪು ಎಲ್ಲಿತ್ತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಶಿರಹಟ್ಟಿಯ ಓದುಗರೊಬ್ಬರ ಪ್ರಶ್ನೆಯಿದೆ: ರಾಸ್ಪ್‌ಬೆರಿ ಪೈ ಮೇಲೆ ಅಮೆಜಾನ್ ಕ್ಲೌಡ್ ಜೊತೆ ಮಾತಾಡುವ ಪೈಥಾನ್ ಲೈಬ್ರರಿ ಬೋಟೋ3 ಹಾಕಲು ಹೋದರೆ ಪಿಪ್ ಒಪ್ಪುತ್ತಿಲ್ಲ, ಏನು ಮಾಡಲಿ?

ಪಿಪ್ ಮಾಡಿದ್ದು ಸರಿ. ಪೈ ಓಎಸ್‌ಗೆ ತಳಹದಿಯಾದ ಡೆಬಿಯನ್‌ನ 12ನೇ ಆವೃತ್ತಿ 2023ರಲ್ಲಿ ಬಂದಂದಿನಿಂದ ಯಂತ್ರದ ಸ್ವಂತ ಪೈಥಾನ್ ಒಳಗೆ ಹೊರಗಿನ ಸಾಮಾನು ತುರುಕಲು ಅದು ಬಿಡುವುದಿಲ್ಲ. ಹಟ ಮಾಡುವವರಿಗೊಂದು ಅಡ್ಡದಾರಿಯಿದೆ, ಆದರೆ ಆ ಆಯ್ಕೆಯ ಹೆಸರಿನಲ್ಲೇ 'ಬ್ರೇಕ್' ಎಂಬ ಪದವಿದೆ. ಬೇಡ. ವೆನ್ವ್ ಬಳಸಿ ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಪೈಥಾನ್ ಕೋಣೆ ಮಾಡಿಕೊಳ್ಳಿ. ನಮ್ಮ ಬೆಟಗೇರಿಯ ನೇಕಾರರು ಒಂದು ಮಗ್ಗದ ಹಾಸಿಗೆ ಇನ್ನೊಂದರ ನೂಲು ಕೂಡಿಸುವುದಿಲ್ಲ. ಹಾಕಿದ ಲೈಬ್ರರಿಯ ಆವೃತ್ತಿ ಸಂಖ್ಯೆಯನ್ನೂ ಕಡತದಲ್ಲಿ ಬರೆದಿಡಿ. 2024ರ ಫೆಬ್ರುವರಿಯಲ್ಲಿ ಸಾಧನಗಳು ಮಾತಾಡುವ ಎಂಕ್ಯುಟಿಟಿ ಭಾಷೆಯ ಪಾಹೋ ಲೈಬ್ರರಿಯ 2.0 ಬಂದಾಗ, ಸಂಖ್ಯೆ ಬರೆಯದೆ ಹೊಸದನ್ನು ಎಳೆದುಕೊಂಡವರ ಹಳೆ ಪ್ರೋಗ್ರಾಂಗಳು ಕ್ಲೈಂಟ್ ಸೃಷ್ಟಿಸುವ ಸಾಲಿನಲ್ಲೇ ಮುಗ್ಗರಿಸಿದವು.

ಬೋಟೋ ಎಂದರೆ ಅಮೆಜಾನ್ ನದಿಯ ಡಾಲ್ಫಿನ್. ನಮ್ಮವರು ಬರೆದಿದ್ದರೆ ತುಂಗಭದ್ರೆಯ ನೀರುನಾಯಿಯ ಹೆಸರು ಇಡುತ್ತಿದ್ದರೇನೋ.

ಇನ್ನು, ಹೊಸಬರು ಎಡವುವ ಜಾಗ. ಬೋಟೋ3 ಹೊಲದಲ್ಲಿ ಕೂರುವ ಲೈಬ್ರರಿಯಲ್ಲ, ಕಚೇರಿಯಲ್ಲಿ ಕೂರುವಂಥದ್ದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅಂಥ ಸಂಘದ ಸದಸ್ಯರ ಪಟ್ಟಿ ನೆನೆಯಿರಿ. ಯಾರು ಸದಸ್ಯ, ಯಾರಿಗೆ ಏನು ಹಕ್ಕು ಎಂದು ಬರೆಯುವ ಗುಮಾಸ್ತನ ಕೆಲಸ ಬೋಟೋ3ರದು. ಹೊಸ ಸ್ಟಾರ್ಟರ್ ಬಂತೇ, ಹೆಸರು ಸೇರಿಸು, ಪ್ರಮಾಣಪತ್ರ ಕೊಡು, ಕೆಟ್ಟರೆ ರದ್ದು ಮಾಡು. ನೀರು ಹರಿಯಿತೋ ಇಲ್ಲವೋ ಎಂದು ಕೂಗಿ ಹೇಳುವುದು ಮೋಟರ್ ಪಕ್ಕದ ಪೆಟ್ಟಿಗೆ. ಅದು ಎಂಕ್ಯುಟಿಟಿ ಭಾಷೆಯಲ್ಲಿ, 8883ನೇ ಪೋರ್ಟ್ ಮೂಲಕ ಮಾತಾಡುತ್ತದೆ. 1999ರಲ್ಲಿ ತೈಲದ ಪೈಪ್‌ಲೈನ್‌ಗಳ ಮೇಲೆ ಕಣ್ಣಿಡಲು ಹುಟ್ಟಿದ ಭಾಷೆ ಅದು. ಸಿಗ್ನಲ್ ಬಂದು ಹೋಗುವ ನಮ್ಮ ಎರಿಹೊಲಗಳಿಗೂ ಹೊಂದಿಕೊಂಡಿದೆ.

ಗುಮಾಸ್ತನಿಗೆ ಇಡೀ ಖಜಾನೆಯ ಕೀಲಿ ಕೊಡಬೇಡಿ. ಖಾತೆಯ ಮೂಲ ಕೀಲಿ ಬದಲು, ಬರೀ ಪಟ್ಟಿ ಓದುವ ಹಕ್ಕಿನ ಬೇರೆ ಕೀಲಿಯಿಂದ ಶುರು ಮಾಡಿ. ಸಾಧನ ನೋಂದಾಯಿಸಿದ ಕ್ಲೌಡ್ ಪ್ರದೇಶವನ್ನು (ನಮ್ಮದು ಮುಂಬೈ) ನಮೂದಿಸಿ. ಮರೆತು ಬೇರೆ ಪ್ರದೇಶ ಕೊಟ್ಟರೆ ಪಟ್ಟಿ ಖಾಲಿ ಬರುತ್ತದೆ, ಸಾಧನವೇ ಕಳೆದುಹೋಯಿತೆಂದು ಎದೆ ಧಸಕ್ಕೆನ್ನುತ್ತದೆ. ಪ್ರಮಾಣಪತ್ರ ಮಾಡಿಸಿದಾಗ ಅದರ ಖಾಸಗಿ ಕೀಲಿ ಸಿಗುವುದು ಒಮ್ಮೆ ಮಾತ್ರ. ಆ ಕ್ಷಣವೇ ಜೋಪಾನ ಮಾಡಿ.

ಕಾಕಾನ ಪೈಪಿಗೆ ಬರೋಣ. ಅಮೆಜಾನ್ ಪ್ರತಿ ಸಾಧನಕ್ಕೂ ಒಂದು 'ಶ್ಯಾಡೋ', ಅಂದರೆ ನೆರಳು, ಇಡುತ್ತದೆ. ಅದರಲ್ಲಿ ಎರಡು ಕಲಮು: ನಾವು ಬಯಸಿದ್ದು ಒಂದು, ಸಾಧನ ವರದಿ ಮಾಡಿದ್ದು ಇನ್ನೊಂದು. ನಾನು ಪರದೆಗೆ ತಂದಿದ್ದು ಮೊದಲನೆಯದನ್ನು. ಕಾಕಾ ಬಟನ್ ಒತ್ತಿದರು, 'ಚಾಲೂ' ಎಂದು ಬಂತು. ಅದು ಅವರದೇ ಆಸೆಯ ಪ್ರತಿಧ್ವನಿ. ಕರೆಂಟಿನ ಒಂದು ಫೇಸ್ ಹೋಗಿದ್ದರಿಂದ ಸ್ಟಾರ್ಟರ್ ಎತ್ತಿಯೇ ಇರಲಿಲ್ಲ, ಹಾಗೆಂದು ವರದಿಯನ್ನೂ ಕೊಟ್ಟಿತ್ತು. ನಾನು ಓದಿರಲಿಲ್ಲ, ಅಷ್ಟೇ. ಬದಲಿಸಿದ್ದು ಒಂದು ಪದ. ವರದಿ ಬಂದ ಹೊತ್ತನ್ನೂ ಈಗ ಪಕ್ಕದಲ್ಲಿ ತೋರಿಸುತ್ತೇನೆ. ನೆರಳನ್ನು ಓದಲು ಬೋಟೋ3ರಲ್ಲಿ 'ಐಒಟಿ-ಡೇಟಾ' ಎಂಬ ಬೇರೆ ಕ್ಲೈಂಟ್ ಬೇಕು. ಬರೀ 'ಐಒಟಿ'ಯಲ್ಲಿ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

ಕ್ಲೌಡ್ ಜೊತೆ ಮಾತಾಡುವ ಸಾಲುಗಳನ್ನೆಲ್ಲ ನಾನು ಒಂದೇ ಫೈಲಿನಲ್ಲಿ ಇಡುತ್ತೇನೆ. ಕಾರಣವಿದೆ. ಗೂಗಲ್‌ನ ಇಂಥದೇ ಸಾಧನ ಸೇವೆ ಐಒಟಿ ಕೋರ್ 2023ರ ಆಗಸ್ಟ್ 16ರಂದು ಮುಚ್ಚಿತು. ಅದರ ಪೈಥಾನ್ ಲೈಬ್ರರಿ ಕೆಟ್ಟಿರಲಿಲ್ಲ, ಅದು ಮಾತಾಡುತ್ತಿದ್ದ ಕಚೇರಿಯೇ ಇಲ್ಲವಾಯಿತು. ಒಂದು ವರ್ಷ ಮೊದಲೇ ಸೂಚನೆ ಇತ್ತು. ಆದರೂ ಹತ್ತು ಫೈಲಿನಲ್ಲಿ ಕರೆ ಹರಡಿಕೊಂಡವರಿಗೆ ಹತ್ತು ಫೈಲಿನ ರಿಪೇರಿ.

ಪ್ರಶ್ನೆ ಕಳಿಸುವವರು ಪೈಥಾನ್ ಮತ್ತು ಲೈಬ್ರರಿಯ ಆವೃತ್ತಿ ಸಂಖ್ಯೆಯನ್ನೂ ತಪ್ಪದೆ ಬರೆಯಿರಿ. ಕೀಲಿ ಮಾತ್ರ ಕಳಿಸಬೇಡಿ.