ಆಲ್‌ಝೈಮರ್ ಕಾಯಿಲೆ: ವಿವರಣೆಯಲ್ಲಿ ಬಿಟ್ಟುಹೋದ ಕೋಶಗಳು

ಅಜ್ಜ ಮೊಮ್ಮಗನ ಹೆಸರು ಮರೆತರೆ 'ಅರವತ್ತಕ್ಕೆ ಅರಳು ಮರಳು' ಎಂದು ಸುಮ್ಮನಾಗುವುದು ನಮ್ಮ ರೂಢಿ. ಗಾದೆ ಕಾಯಿಲೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಿಕ್ಷಕರು ಇದನ್ನು ತಿದ್ದಲು ಹೊರಟರೆ ಅವರಿಗೆ ಸಿಗುವ ವಿಜ್ಞಾನ ಲೇಖನಗಳಾದರೂ ಪೂರ್ಣವಾಗಿವೆಯೇ?

ನೀವು ಸಾಮಾನ್ಯವಾಗಿ ಓದಿರುವುದು ಇಷ್ಟು: ನರಕೋಶಗಳ ಹೊರಗೆ ಅಮೈಲಾಯ್ಡ್ ಪ್ರೋಟೀನು ಗಡ್ಡೆಕಟ್ಟುತ್ತದೆ, ಒಳಗೆ ಟೌ ಪ್ರೋಟೀನು ಸಿಕ್ಕಾಗುತ್ತದೆ, ನರಕೋಶಗಳು ಸಾಯುತ್ತವೆ. ಇದು ನಿಜ, ಆದರೆ ಅಪೂರ್ಣ. ಆಲೋಯ್ಸ್ ಆಲ್‌ಝೈಮರ್ ತಮ್ಮ 1907ರ ವರದಿಯಲ್ಲೇ ಗ್ಲಿಯಾ ಕೋಶಗಳಲ್ಲಿ ಕೊಬ್ಬು ಸೇರಿರುವುದನ್ನು ದಾಖಲಿಸಿದ್ದರು. ಗಡ್ಡೆ, ಸಿಕ್ಕುಗಳು ಪಠ್ಯಕ್ಕೆ ಬಂದವು. ಕೊಬ್ಬು ಬಹುಕಾಲ ಮರೆಯಲ್ಲಿ ಉಳಿಯಿತು. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಎಂದರೆ ಅಂಟು. ಹೆಸರೇ ಈ ಕೋಶಗಳ ಬೆಲೆ ಇಳಿಸಿತು. ಇವು ನರಕೋಶಗಳ ಹತ್ತರಷ್ಟಿವೆ ಎಂಬ ಹಳೆಯ ಮಾತನ್ನೂ ಕೈಬಿಡಿ. 2009ರ ಎಣಿಕೆಯಂತೆ ಮಾನವ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಉಳಿದ ಕೋಶಗಳೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ.

ಈಗ ಶಕ್ತಿಯ ಲೆಕ್ಕ ನೋಡೋಣ. ದೇಹದ ತೂಕದ ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯ ಶೇ. 20ರಷ್ಟನ್ನು, ಅಂದರೆ ಸುಮಾರು 20 ವ್ಯಾಟ್, ಬಳಸುತ್ತದೆ. ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಗ್ಲಿಯಾ ಕೋಶಗಳು ರಕ್ತನಾಳಕ್ಕೂ ನರಕೋಶಕ್ಕೂ ನಡುವೆ ನಿಂತು ಈ ಪೂರೈಕೆಗೆ ನೆರವಾಗುತ್ತವೆ. ಮೈಕ್ರೋಗ್ಲಿಯಾ ಕಸ ತೆಗೆಯುತ್ತವೆ. 1993ರಲ್ಲಿ ಕಾಯಿಲೆಯೊಂದಿಗೆ ನಂಟು ಕಂಡುಬಂದ ಎಪಿಒಇ-4 ಜೀನು ಕೊಬ್ಬಿನ ಸಾಗಣೆಗೆ ಸೇರಿದ್ದು. ಅದರ ಪ್ರೋಟೀನನ್ನು ಮಿದುಳಿನಲ್ಲಿ ಹೆಚ್ಚಾಗಿ ತಯಾರಿಸುವುದು ಆಸ್ಟ್ರೋಸೈಟ್‌ಗಳೇ. 2013ರಲ್ಲಿ ಗುರುತಿಸಿದ ಟ್ರೆಮ್-2 ಜೀನಿನ ಕೆಲಸ ಮೈಕ್ರೋಗ್ಲಿಯಾಗಳಲ್ಲಿ. ಆಧಾರಕೋಶಗಳನ್ನು ಬಿಟ್ಟು ಈ ಕಾಯಿಲೆಯನ್ನು ವಿವರಿಸಲಾಗದು ಎಂಬುದಕ್ಕೆ ಇವು ಬಲವಾದ ಸಾಕ್ಷ್ಯ.

ಹಾಗೆಂದು ಇನ್ನೊಂದು ತುದಿಗೆ ಜಿಗಿಯಬೇಡಿ. ಪೆಟ್ ಸ್ಕ್ಯಾನ್‌ನಲ್ಲಿ ರೋಗಿಯ ಮಿದುಳಿನ ಕೆಲವು ಭಾಗಗಳು ಕಡಿಮೆ ಗ್ಲೂಕೋಸ್ ಬಳಸುವುದು ಕಾಣುತ್ತದೆ. ಊರಿನ ವಿದ್ಯುತ್ ಬಳಕೆ ಇಳಿದರೆ ಪೂರೈಕೆ ಕಡಿಮೆಯಾಯಿತೋ, ಪಂಪ್‌ಸೆಟ್‌ಗಳೇ ಕೆಟ್ಟು ನಿಂತವೋ ಎಂದು ನೀವು ಕೇಳುವುದಿಲ್ಲವೇ? ಇಲ್ಲಿಯೂ ಅದೇ ಪ್ರಶ್ನೆ. ಆದ್ದರಿಂದ ಇದನ್ನು 'ಮೂರನೆಯ ಬಗೆಯ ಮಧುಮೇಹ' ಎಂದು ಕರೆಯುವುದು ಆತುರದ ಮಾತು. ಮಧುಮೇಹದ ಔಷಧಿ ಸೆಮಾಗ್ಲುಟೈಡ್ ಆಲ್‌ಝೈಮರ್ ರೋಗಿಗಳ ಮೇಲಿನ ಎರಡು ದೊಡ್ಡ ಪ್ರಯೋಗಗಳಲ್ಲಿ ವಿಫಲವಾಯಿತೆಂದು 2025ರ ನವೆಂಬರ್‌ನಲ್ಲಿ ತಿಳಿದುಬಂತು. ಅಮೈಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಕೂಡ 18 ತಿಂಗಳಲ್ಲಿ ಕುಸಿತವನ್ನು ಶೇ. 27ರಷ್ಟು ನಿಧಾನಿಸಿತೇ ಹೊರತು ನಿಲ್ಲಿಸಲಿಲ್ಲ. ಒಂದೇ ಕಾರಣದ ಕಥೆ ಎರಡೂ ಕಡೆ ಸೋತಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, 45 ದಾಟಿದ 10,000 ಗ್ರಾಮೀಣರನ್ನು ವರ್ಷಗಟ್ಟಲೆ ಪರೀಕ್ಷಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಸ್ವಾಗತಾರ್ಹ ಕೆಲಸ. ಆದರೆ ರಾಗಿಯ ಸೀಮೆಯ ಅಂಕಿಗಳನ್ನು ಜೋಳದ ಸೀಮೆಗೆ ಹಾಗೆಯೇ ಹೊಂದಿಸಲಾಗದು. ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳಿಗೂ ಅಂಥದೊಂದು ಅಧ್ಯಯನ ಬೇಕು.

ಅಲ್ಲಿಯವರೆಗೆ ತರಗತಿಯಲ್ಲಿ ಇಷ್ಟನ್ನಾದರೂ ಹೇಳಿ. ರಕ್ತದೊತ್ತಡ, ಮಧುಮೇಹ, ಕಿವುಡುತನಗಳಿಗೆ ಚಿಕಿತ್ಸೆ ಪಡೆದರೆ ಅಪಾಯ ತಗ್ಗಬಹುದು. ಬಿ-12 ಜೀವಸತ್ವದ ಕೊರತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಔಷಧಿಯಿದೆ. ಗಾದೆ ಹೇಳಿ ಕೂತ ಮನೆಯಲ್ಲಿ ಅಜ್ಜನಿಗೆ ಆ ಔಷಧಿಯೂ ಸಿಗುವುದಿಲ್ಲ.