ಚಿತ್ರದ ಬೆಲೆ, ಚಿತ್ರಕಾರನ ಮಜೂರಿ

ಕಲೆಗೆ ಬೆಲೆ ಕಟ್ಟಲಾಗದು ಎಂಬ ಮಾತನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಹಾಗೆನ್ನುವವರಲ್ಲಿ ಚಿತ್ರ ಕೊಂಡವರು ಕಡಿಮೆ. ಬೆಲೆ ಕಟ್ಟಲೇಬೇಕಾದ ಕಷ್ಟವಿರುವುದು ಚಿತ್ರ ಬರೆದವನಿಗೆ. ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋದರೆ ಅದು ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಹತ್ತು ಸಾವಿರ ಎಂದದ್ದು ಸಂಜೆಗೆ ನಾಲ್ಕು ಸಾವಿರಕ್ಕೆ ಇಳಿದಿರುತ್ತದೆ. ಉಳಿದ ಚಿತ್ರಗಳನ್ನು ಹುಬ್ಬಳ್ಳಿಗೋ ಕಲಬುರಗಿಗೋ ಮರಳಿ ಸಾಗಿಸುವ ಖರ್ಚು ಅವನ ತಲೆಯಲ್ಲಿದೆ. ಕೊಳ್ಳುವವನಿಗೂ ಅದು ಗೊತ್ತು. ಸೊಪ್ಪಿನವಳ ಮುಂದೆ ಕತ್ತಲಾಗುವುದನ್ನು ಕಾಯುವ ಗಿರಾಕಿಯಂತೆ ಅವನು ಇನ್ನೊಂದು ಸುತ್ತು ಹಾಕಿ ಬರುತ್ತಾನೆ.

ಬೆಲೆ ಹೇಗೆ ಕಟ್ಟುತ್ತೀರಿ ಎಂದು ಕೇಳಿದರೆ ಬಹಳಷ್ಟು ಕಲಾವಿದರು ಕೊಡುವ ಉತ್ತರ ಒಂದೇ: ಚದರ ಇಂಚಿಗೆ ಇಷ್ಟು, ಮೇಲೆ ಚೌಕಟ್ಟಿನ ಖರ್ಚು. ಸೈಟು, ಗ್ರಾನೈಟು ಮಾರುವ ಊರಿಗೆ ಇದು ತಕ್ಷಣ ತಿಳಿಯುವ ಲೆಕ್ಕ. ನಗುವಂಥದ್ದೇನೂ ಅಲ್ಲ. ತನ್ನ ಚಿತ್ರಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಬಾಯಿಬಿಟ್ಟು ಹೇಳುವ ಸಂಕಟದಿಂದ ಅದು ಅವನನ್ನು ಪಾರು ಮಾಡುತ್ತದೆ. ಆದರೆ ಇಂಚಿಗೆ 50 ರೂಪಾಯಿಯಂತೆ 10 ಇಂಚು ಅಗಲ, 12 ಇಂಚು ಎತ್ತರದ ಚಿತ್ರಕ್ಕೆ 6,000 ಆದರೆ, ಎರಡೂ ಬದಿ ಇಮ್ಮಡಿಯಾದಾಗ 24,000 ಆಗುತ್ತದೆ. ದುಡಿಮೆ ನಾಲ್ಕು ಪಟ್ಟಾಗಿರುತ್ತದೆಯೇ? ಇದಕ್ಕೇ ಕೆಲವರು ಉದ್ದ, ಅಗಲಗಳನ್ನು ಗುಣಿಸದೆ ಕೂಡಿಸುತ್ತಾರೆ. ಸಣ್ಣ ಚಿತ್ರಕ್ಕೆ ಅದೇ ನ್ಯಾಯವೆಂದು ನಮಗೆ ತೋರುತ್ತದೆ.

ಬೀದರಿನ ಬಿದ್ರಿ ಕೆಲಸಗಾರನಿಗೆ ಹಿಡಿದುಕೊಳ್ಳಲು ಬೆಳ್ಳಿಯ ತೂಕವಿದೆ. ಅದರ ಮೇಲೆ ಮಜೂರಿ. ಮೈಸೂರು ಶೈಲಿಯ ಚಿತ್ರ ಕೊಳ್ಳುವವನೂ ಚಿನ್ನದ ರೇಕು ಅಸಲಿಯೇ ಎಂದು ಮೊದಲು ಕೇಳುತ್ತಾನೆ, ರೇಖೆಯ ಮಾತು ಆಮೇಲೆ. ಬರೀ ಬಣ್ಣ, ಬರೀ ಬಟ್ಟೆಯಾದರೆ ಬೆಲೆಯೆಲ್ಲ ಮಜೂರಿಯೇ. ಅಲ್ಲಿ ನಮ್ಮ ಜನ ಚೌಕಾಸಿಗೆ ಇಳಿಯುತ್ತಾರೆ. (ಕತೆಗಾರರಾದ ನಮಗೆ ಈ ತಾಪತ್ರಯವಿಲ್ಲ. ಸಂಪಾದಕರು ಕಳಿಸಿದ್ದೇ ಬೆಲೆ. ಕಳಿಸದಿದ್ದರೆ ಅದೂ ಬೆಲೆಯೇ.)

ಅಕ್ಬರನ ಕಾರ್ಖಾನೆಯಲ್ಲಿ ಚಿತ್ರಕಾರರ ಕೆಲಸವನ್ನು ವಾರಕ್ಕೊಮ್ಮೆ ಬಾದಶಹನ ಮುಂದಿಡುತ್ತಿದ್ದರೆಂದೂ, ಕೈಚಳಕ ನೋಡಿ ಇನಾಮು ಕೊಡುವುದೋ ಸಂಬಳ ಏರಿಸುವುದೋ ನಡೆಯುತ್ತಿತ್ತೆಂದೂ ಅಬುಲ್ ಫಜಲ್ 'ಐನ್-ಎ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಬೆಲೆ ಹೇಳುವ ಹೊರೆ ಕಲಾವಿದನ ಮೇಲಿರಲಿಲ್ಲ. ಹೇಳುವ ಹಕ್ಕೂ ಇರಲಿಲ್ಲ. ಇಂದು ಹಕ್ಕಿದೆ, ಆದರೆ ಗ್ಯಾಲರಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಹಿಡಿಯುತ್ತವೆ. ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಅದರ ಅರ್ಧ ಎಂದು ಮಾರುವ ಕಲಾವಿದ ತನ್ನ ಬೆಲೆಯನ್ನು ತಾನೇ ಸುಳ್ಳು ಮಾಡುತ್ತಾನೆ.

ಎಂ.ಎಫ್. ಹುಸೇನರು 1954ರಲ್ಲಿ ಬರೆದ 'ಗ್ರಾಮಯಾತ್ರೆ'ಯನ್ನು ಅದೇ ವರ್ಷ ದೆಹಲಿಯಲ್ಲಿದ್ದ ವಿದೇಶಿ ವೈದ್ಯರೊಬ್ಬರು ಕೊಂಡರು. ಅವರು ಅದನ್ನು ಓಸ್ಲೋದ ಆಸ್ಪತ್ರೆಗೆ ಬಿಟ್ಟುಹೋದರು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಹುಸೇನರು 2011ರಲ್ಲೇ ತೀರಿಕೊಂಡಿದ್ದರು. ಪತ್ರಿಕೆಗಳು ಇದನ್ನು ಭಾರತೀಯ ಕಲೆಯ ಗೆಲುವೆಂದು ಬರೆದವು. ಯಾರ ಗೆಲುವು?

ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ 53ಎ ಎಂಬ ಕಲಮು ಸೇರಿತು. ಮೂಲಚಿತ್ರವೊಂದು 10,000 ರೂಪಾಯಿಗೂ ಹೆಚ್ಚು ಬೆಲೆಗೆ ಮರುಮಾರಾಟವಾದರೆ ಕಲಾವಿದನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ, ಗರಿಷ್ಠ ಶೇಕಡಾ 10ರವರೆಗೆ ಪಾಲು ಕೇಳುವ ಹಕ್ಕು ಅದರಲ್ಲಿದೆ. ನ್ಯೂಯಾರ್ಕಿನ ಹರಾಜಿಗೆ ಅದು ತಲುಪದು, ಸರಿ. ಆದರೆ ಕುಮಾರಕೃಪಾ ರಸ್ತೆಯಲ್ಲಿ ಕತ್ತಲಾಗುವಾಗ ಚೀಟಿಯಿಲ್ಲದೆ ಕೈಬದಲಾದ ಚಿತ್ರಕ್ಕೂ ಅದು ತಲುಪುವುದಿಲ್ಲ. ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದೇ ಉಳಿದಿರದಾಗ ಇಪ್ಪತ್ತು ವರ್ಷದ ಮೇಲೆ ಪಾಲು ಯಾರನ್ನು ಕೇಳುವುದು? ಸಂತೆಯ ಮಳಿಗೆ ಕೊಡುವಾಗಲೇ ಪರಿಷತ್ತು ಪ್ರತಿ ಕಲಾವಿದನ ಕೈಗೆ ಒಂದು ರಸೀದಿ ಪುಸ್ತಕ ಕೊಡಲಿ. ಚಿತ್ರದ ಹೆಸರು, ಅಳತೆ, ಬೆಲೆ, ಕೊಂಡವರ ವಿಳಾಸ, ಇಷ್ಟಿದ್ದರೆ ಸಾಕು.