ಚಿಪ್ಪು ಸಿಕ್ಕಿತು, ಒಡೆಯ ಎಲ್ಲಿ?

ಚಿಪ್ಪುಳ್ಳ ಅಮೀಬಾಗಳ ಫೋಟೋಗಳಲ್ಲಿ ಹೆಚ್ಚಿನವು ಖಾಲಿ ಮನೆಯ ಫೋಟೋಗಳು. ಗೋಡೆ ಚೆಂದ, ಬಾಗಿಲು ಚೆಂದ, ಒಳಗೆ ಜನ ಮಾತ್ರ ಇಲ್ಲ. ಈ ಚಿತ್ರಗಳ ಬಗ್ಗೆ ನನಗಿರುವ ತಕರಾರು ಇದೇ.

ಶಾಲೆಯ ಪುಸ್ತಕ ನೋಡಿ ನಾವೆಲ್ಲ ಬಿಡಿಸಿದ ಅಮೀಬಾ ಬತ್ತಲೆ ಜೀವಿ. ಆದರೆ ಮೈಮೇಲೆ ಮನೆ ಕಟ್ಟಿಕೊಳ್ಳುವ ಅಮೀಬಾಗಳೂ ಇವೆ. ಡಿಫ್ಲೂಜಿಯಾ ಎಂಬುದು ಮರಳಿನ ಪುಡಿಕಣಗಳನ್ನು ನುಂಗಿ ಒಳಗೆ ಕೂಡಿಟ್ಟುಕೊಳ್ಳುತ್ತದೆ. ತಾನು ಎರಡಾಗುವ ಹೊತ್ತಿಗೆ ಆ ಕಣಗಳನ್ನೇ ಹೊರಗೆ ಕೊಟ್ಟು ಹುಟ್ಟುವ ಮರಿಗೆ ಗೋಡೆ ಕಟ್ಟುತ್ತದೆ. ಮಗಳಿಗೆ ಮನೆ ಕಟ್ಟಲು ಕಲ್ಲು ಕೂಡಿಡುವ ತಾಯಿ ಅನ್ನಿ. ಆರ್ಸೆಲ್ಲಕ್ಕೆ ಮರಳು ಬೇಡ, ತನ್ನ ಮೈಯಿಂದಲೇ ಒಸರಿದ್ದರಲ್ಲಿ ಗುಂಡಿಯಂಥ ಚಿಪ್ಪು ಮಾಡಿಕೊಳ್ಳುತ್ತದೆ. ಹೊಸತರಲ್ಲಿ ಅದಕ್ಕೆ ಬಣ್ಣವಿಲ್ಲ, ಹಳತಾದ ಹಾಗೆ ಹಳದಿ, ಆಮೇಲೆ ಕಂದು. ಅಗಲ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲು. ಕೆರೆಯ ಪಾಚಿ, ಒದ್ದೆ ಗೋಡೆಯ ಹಾವಸೆ ಹಿಂಡಿದ ನೀರಿನಲ್ಲಿ ಇಂಥವನ್ನು ಹುಡುಕಬಹುದು.

ಖಾಲಿ ಚಿಪ್ಪಿನ ಫೋಟೋ ಯಾಕೆ ಇಷ್ಟೊಂದು? ಚಿಪ್ಪು ಓಡುವುದಿಲ್ಲ, ಅಷ್ಟೆ. ಜಾತಿ ಗುರುತಿಸುವವರಿಗೂ ಚಿಪ್ಪಿನ ಆಕಾರವೇ ಮುಖ್ಯ. ಜೌಗು ಮಣ್ಣಿನಲ್ಲಿ ಅದು ಸಾವಿರಾರು ವರ್ಷ ಉಳಿದು, ಅಲ್ಲಿ ಹಿಂದೆ ನೀರು ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ ಹೇಳುತ್ತದೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದವರು ಒಣಗಿಸಿ, ಚಿನ್ನದ ತೆಳ್ಳನೆ ಲೇಪ ಕೊಟ್ಟು ತೆಗೆದ ಚಿತ್ರದಲ್ಲಿ ಮರಳಿನ ಒಂದೊಂದು ಕಣವನ್ನೂ ಎಣಿಸಬಹುದು. ಕೆಲಸದ ಚಿತ್ರವೇ, ಸರಿ. ಆದರೆ ಅದನ್ನು ಮಕ್ಕಳ ಮುಂದಿಟ್ಟು ‘ಇದು ಡಿಫ್ಲೂಜಿಯಾ’ ಅಂದರೆ, ಬಸವನಹುಳುವಿನ ಒಣ ಚಿಪ್ಪು ತೋರಿಸಿ ‘ಇದೇ ಹುಳು’ ಅಂದ ಹಾಗಾಯಿತು.

ಜೀವಂತ ಇರುವಾಗ ತೆಗೆಯುವುದು ಸುಲಭವಲ್ಲ, ಒಪ್ಪುತ್ತೇನೆ. ಮೇಲಿನ ತೆಳುಗಾಜು ಒತ್ತಿದರೆ ಪ್ರಾಣಿ ಕಾಲು ಒಳಗೆಳೆದುಕೊಂಡು ಕೂರುತ್ತದೆ, ಇನ್ನೂ ಒತ್ತಿದರೆ ಜಜ್ಜಿಹೋಗುತ್ತದೆ. ಗಾಜಿನ ಮೂಲೆಗಳಿಗೆ ಚೂರು ವ್ಯಾಸಲೀನ್ ಇಟ್ಟು ಎತ್ತರಿಸಿ ಕಾಯಬೇಕು. ಬೆಳಕು ಬರುವುದು ಕೆಳಗಿನಿಂದ, ಮರಳಿನ ಗೋಡೆ ಅದನ್ನು ತಡೆಯುವುದರಿಂದ ಚಿಪ್ಪು ಕರಿ ಮುದ್ದೆ. ಕಾಲೋ, ನೀರಿನಷ್ಟೇ ಪಾರದರ್ಶಕ. ಒಂದಕ್ಕೆ ಬೆಳಕು ಹೊಂದಿಸಿದರೆ ಇನ್ನೊಂದು ಮಾಯ. ಅದರ ಮೇಲೆ, ನಲವತ್ತು ಪಟ್ಟಿನ ಮಸೂರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಸುಮಾರು ಒಂದು ಮೈಕ್ರಾನ್ ದಪ್ಪ. ಪ್ರಾಣಿ ಅದರ ಹತ್ತಾರು ಪಾಲು ದಪ್ಪ.

ಇದಕ್ಕೆ ಈಗಿನವರು ಕಂಡುಕೊಂಡ ಉಪಾಯ: ಫೋಕಸ್ ಸ್ವಲ್ಪ ಸ್ವಲ್ಪ ಬದಲಿಸುತ್ತ ಹಲವು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸುವುದು. ಖಾಲಿ ಚಿಪ್ಪಿಗೆ ಇದು ಬಹಳ ಒಳ್ಳೆಯದು. ನಡೆಯುತ್ತಿರುವ ಪ್ರಾಣಿಗೆ? ಮೊದಲ ಫೋಟೋಕ್ಕೂ ಕೊನೆಯದಕ್ಕೂ ನಡುವೆ ಕಾಲು ಸರಿದಿರುತ್ತದೆ. ಒಂದೇ ಕಾಲು ಎರಡು ಕಡೆ ಮೂಡುತ್ತದೆ, ಅಥವಾ ಕಂಪ್ಯೂಟರು ಅದನ್ನು ಅಳಿಸಿಬಿಡುತ್ತದೆ. ನೋಡುವವರಿಗೆ ಮಾತ್ರ ಅದು ಒಂದು ಕ್ಷಣದ ನಿಜ.

ಇಲ್ಲಿ ಜೋಸೆಫ್ ಲೀಡಿಯ ನೆನಪಾಗುತ್ತದೆ. ಫಿಲಡೆಲ್ಫಿಯಾದಲ್ಲಿ ಅಂಗರಚನೆಯ ಮೇಷ್ಟ್ರು. ಉತ್ತರ ಅಮೆರಿಕದ ಸಿಹಿನೀರಿನ ಅಮೀಬಾ ಬಳಗದ ಬಗ್ಗೆ 1879ರಲ್ಲಿ ಇವರ ದೊಡ್ಡ ಪುಸ್ತಕ ಬಂತು, ಅದರಲ್ಲಿ 48 ಚಿತ್ರಪುಟಗಳು. ಇವರು ಹೆಸರಿಟ್ಟ ಒಂದು ಜೀವಿ ಹಯಲೊಸ್ಫೀನಿಯಾ ಪ್ಯಾಪಿಲಿಯೊ. ಪ್ಯಾಪಿಲಿಯೊ ಅಂದರೆ ಚಿಟ್ಟೆ. ಗಾಜಿನ ಹೂಜಿಯಂಥ ಹಳದಿ ಚಿಪ್ಪು, ಒಳಗೆ ಹಸಿರು ಪಾಚಿಯ ಕಣಗಳು ಬಿಡಾರ ಹೂಡಿರುತ್ತವೆ. ಆ ಪುಟಗಳಲ್ಲಿ ಜೀವಿಗಳು ತಿನ್ನುತ್ತವೆ, ಕಾಲು ಚಾಚುತ್ತವೆ.

ಲೀಡಿಯೂ ಹಲವು ನೋಟಗಳನ್ನು ಸೇರಿಸಿಯೇ ಬರೆದದ್ದಲ್ಲವೇ ಎಂದು ನೀವು ಕೇಳಬಹುದು. ನಿಜವೇ. ಆದರೆ ಕೈಬರಹದ ಚಿತ್ರ ‘ನಾನು ಚಿತ್ರ’ ಎಂದು ಹೇಳಿಯೇ ಎದುರಿಗೆ ಬರುತ್ತದೆ. ಫೋಟೋ ಬರುವುದು ಸಾಕ್ಷಿಯಾಗಿ. ಸಾಕ್ಷಿ ಹೇಳುವವನು ಎರಡು ಗಳಿಗೆಯ ಮಾತನ್ನು ಒಂದೇ ಗಳಿಗೆಯದೆಂದು ಹೇಳಬಾರದು. ಸೇರಿಸಿದ್ದರೆ ಸೇರಿಸಿದ್ದೇನೆ ಎಂದು ಕೆಳಗೆ ಒಂದು ಸಾಲು ಬರೆಯಲಿ, ಜಗಳ ಮುಗಿಯಿತು.

ನನಗೆ ಮೆಚ್ಚುಗೆಯಾಗುವುದು ಸ್ವಲ್ಪ ಮಸುಕಾದ ಚಿತ್ರಗಳು. ಚಿಪ್ಪಿನ ಅಂಚು ಕದಡಿದ್ದರೂ ಬಾಗಿಲಿನಿಂದ ಒಂದು ಕಾಲು ಹೊರಟಿರಬೇಕು. ಒಂದರ ಬದಲು ಮೂರು ಫೋಟೋ ಸಾಲಾಗಿ ಇಟ್ಟು ಹೊತ್ತು ಬರೆದರೆ ಇನ್ನೂ ಒಳ್ಳೆಯದು. ಆರ್ಸೆಲ್ಲ ಬೆನ್ನಡಿಯಾಗಿ ಬಿದ್ದರೆ ಮೈಯೊಳಗೆ ಅನಿಲದ ಗುಳ್ಳೆ ಮಾಡಿಕೊಂಡು ಒಂದು ಬದಿ ಹಗುರಾಗಿ ಮಗುಚಿಕೊಳ್ಳುತ್ತದೆ. ಫೋಟೋದಲ್ಲಿ ಆ ಗುಳ್ಳೆ ಕಪ್ಪು ಅಂಚಿನ ದುಂಡು ಕಲೆಯಂತೆ ಕಾಣುತ್ತದೆ. ಅಂದಕ್ಕೆ ಕುಂದೆಂದು ಕಂಪ್ಯೂಟರಿನಲ್ಲಿ ಒರೆಸಿ ತೆಗೆಯುವವರೂ ಇದ್ದಾರು. ಒರೆಸಿದರೆ ಹೋಗುವುದು ಕಲೆಯಲ್ಲ, ಬಿದ್ದದ್ದು ಏಳುವ ಪ್ರಯತ್ನ. ಶಾಲೆಯ ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲು ಹಿಡಿದು ತೆಗೆದ ನಡುಗುವ ವಿಡಿಯೋದಲ್ಲಾದರೂ ಆ ಗುಳ್ಳೆ ಹಿಗ್ಗುವುದು ಕಂಡರೆ, ನಾನು ಅದನ್ನೇ ಗೋಡೆಗೆ ಹಾಕಿ ತೋರಿಸುತ್ತೇನೆ.